ಮಾವನವರನ್ನು ಕುರ್ಚಿಯಿಂದ ಎಬ್ಬಿಸಿದ ಪ್ರಸಂಗ

ನಮ್ಮ ಮನೆಯ ಸಮಸ್ತರ ಆಯಸ್ಸನ್ನೂ ಹೆಚ್ಚಿಸಿಯೇ ತೀರುವುದೆಂದು ಒಂದು ಭಾನುವಾರ ಬೆಳಿಗ್ಗೆ, ಇನ್ನೂ ಹಲ್ಲುಜ್ಜುವ ಮೊದಲೇ, ನಾನು ಪಣ ತೊಟ್ಟೆ. ಸಮಸ್ತರು ಎಂದರೆ ದೊಡ್ಡ ಸೈನ್ಯವೇನಲ್ಲ. ನಾನು, ನನ್ನ ಹೆಂಡತಿ, ಅವಳ ಅಪ್ಪ. ಆದರೆ ಪಣ ಪಣವೇ!

ಇದಕ್ಕೆಲ್ಲ ಕಾರಣ ಅಂದಿನ ಪತ್ರಿಕೆ. ‘ಕೂರುವುದು ಅಪಾಯ: ಹೊಸ ಸಂಶೋಧನೆ’ ಎಂಬ ದಪ್ಪಕ್ಷರದ ತಲೆಬರಹ ಕಂಡದ್ದೇ ತಡ, ಕೂತಿದ್ದವನು ಚಂಗನೆ ಎದ್ದು ನಿಂತೆ. ಸಂಶೋಧನೆ ಎಂದರೆ ಮೊದಲಿನಿಂದಲೂ ನನಗೆ ಅಷ್ಟು ಭಯಭಕ್ತಿ. ಕಾಫಿ ಹೃದಯಕ್ಕೆ ಒಳ್ಳೆಯದು ಎಂದಾಗ ಲೋಟದ ಮೇಲೆ ಲೋಟ ಇಳಿಸಿದವನು ನಾನು. ಕೆಟ್ಟದ್ದು ಎಂದಾಗ ಅರ್ಧ ಕುಡಿದದ್ದನ್ನು ಸಿಂಕಿಗೆ ಸುರಿದವನೂ ನಾನೇ. ಭೂಮಿ ಬಿಸಿಯಾಗುತ್ತಿದೆ ಎಂದು ಓದಿ ನಡುಬೇಸಿಗೆಯ ಮಧ್ಯಾಹ್ನ ಫ್ಯಾನ್ ಆರಿಸಿದೆ. ಭೂಮಿ ಎಷ್ಟು ತಣ್ಣಗಾಯಿತೋ ತಿಳಿಯದು, ಹೆಂಡತಿ ಮಾತ್ರ ಕೆಂಡವಾದಳು. ಕನ್ನಡಿಯ ಮುಂದೆ ನಿಂತು ನಮ್ಮನ್ನು ನಾವೇ ಹೊಗಳಿಕೊಂಡರೆ ಆತ್ಮವಿಶ್ವಾಸ ಹೆಚ್ಚುತ್ತದೆ ಎಂದು ಓದಿದಾಗ ಅದನ್ನೂ ಮಾಡಿದೆ. “ಯಾರ ಬಗ್ಗೆ ಹೇಳ್ತಿದೀರಿ?” ಎಂದು ಬೆನ್ನ ಹಿಂದಿನಿಂದ ಪ್ರಶ್ನೆ ಬಂದಿದ್ದರಿಂದ ಆ ಸಾಧನೆ ಅಲ್ಲಿಗೇ ನಿಂತಿತು.

ಈಗ ನನ್ನ ಕಸುಬೇನೆಂದು ಹೇಳಿಬಿಡುತ್ತೇನೆ, ದಯವಿಟ್ಟು ನಗಬೇಡಿ. ನಾನು ಫರ್ನಿಚರ್ ಅಂಗಡಿಯಲ್ಲಿ ಕುರ್ಚಿ, ಸೋಫಾ ಮಾರುವವನು!

ಸೋಮವಾರ ಒಂದು ಹೊಸ ಜೋಡಿ ಅಂಗಡಿಗೆ ಬಂತು. ಇದ್ದುದರಲ್ಲೇ ದುಬಾರಿಯಾದ ಸೋಫಾದಲ್ಲಿ ಇಬ್ಬರೂ ಹುದುಗಿ ಕೂತರು. “ಚೆನ್ನಾಗಿದೆ ರೀ. ಎಷ್ಟು ವರ್ಷ ಬರತ್ತೆ?” ಎಂದ ಗಂಡ.

“ನೀವು ಸಾಯೋವರೆಗೂ ಬರತ್ತೆ ಸಾರ್,” ಎಂದೆ. “ಆದ್ರೆ ಇದರಲ್ಲಿ ಕೂತ್ರೆ ಅದು ಬೇಗ ಆಗಬಹುದು. ಸಂಶೋಧನೆ ಹಾಗನ್ನತ್ತೆ.”

ಜೋಡಿ ಎದ್ದಿತು. ಎದ್ದದ್ದು ಹಾಗೇ ಬಾಗಿಲು ದಾಟಿತು. ಗಲ್ಲಾದ ಹಿಂದಿನಿಂದ ಮಾಲೀಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ನಿನ್ನನ್ನ ಇಟ್ಕೊಂಡಿರೋದು ಸೋಫಾ ಮಾರೋಕೋ, ಜನಗಳನ್ನ ಹೆದರ್ಸೋಕೋ?” ಎಂದರು. ಅಂದಿನಿಂದ ನನ್ನ ಲೋಕಕಲ್ಯಾಣವನ್ನು ಮನೆಗಷ್ಟೇ ಸೀಮಿತಗೊಳಿಸಿದೆ.

ಮನೆಯಲ್ಲಿ ನನ್ನ ಕಣ್ಣಿದ್ದದ್ದು ಮಾವನವರ ಮೇಲೆ. ಅವರು ಆಯುಷ್ಯವೆಲ್ಲ ಬಡಗಿಯಾಗಿ ದುಡಿದವರು. ಅತ್ತೆ ತೀರಿಕೊಂಡ ಮೇಲೆ ಒಂದು ಟ್ರಂಕು, ತಾವೇ ಮಾಡಿದ ಅಗಲ ಕೈಗಳ ಒಂದು ತೇಗದ ಕುರ್ಚಿ, ಇಷ್ಟು ಹಿಡಿದು ನಮ್ಮಲ್ಲಿಗೆ ಬಂದರು. ಬಂದವರು ಅದರಲ್ಲಿ ಕೂತರು. ಕೂತವರು ಏಳಲಿಲ್ಲ. ತಿಂಡಿ ಅಲ್ಲೇ, ಪತ್ರಿಕೆ ಅಲ್ಲೇ, ತೂಕಡಿಕೆಯೂ ಅಲ್ಲೇ. ಮಂಡಿ ಬಿಗಿದುಕೊಂಡಿತ್ತು, ಗೇಟಿನ ಆಚೆ ಕಾಲಿಟ್ಟು ತಿಂಗಳುಗಳೇ ಆಗಿದ್ದವು. ನಿಜ ಹೇಳುತ್ತೇನೆ, ನನಗೆ ಅವರೆಂದರೆ ಬಹಳ ಪ್ರೀತಿ. ನಮ್ಮ ಮನೆಯಲ್ಲಿ ನನ್ನ ಮಾತಿಗೆ ತಲೆಯಾಡಿಸುವ ಜೀವ ಅದೊಂದೇ! ಅವರಿಗೇನಾದರೂ ಆದರೆ ಎಂಬ ಚಿಂತೆ ತಲೆಬರಹ ಓದಿದಾಗಿನಿಂದ ನನಗೆ ಹತ್ತಿಕೊಂಡಿತ್ತು.

“ಅಪ್ಪನ ಕುರ್ಚಿ ತೆಗೆದುಬಿಡೋಣ ಕಣೇ,” ಎಂದೆ ಹೆಂಡತಿಗೆ. “ಕೂತ್ರೆ ಆಯಸ್ಸು ಕಮ್ಮಿಯಂತೆ. ನಿಂತೋರೇ ಬದುಕಿದೋರು!”

ಅವಳು ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು. ಆಗಷ್ಟೇ ಕೆಲಸ ಮುಗಿಸಿ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡಿದ್ದಳು. “ನಾನು ದಿನವಿಡೀ ನಿಂತೇ ಇರ್ತೀನಿ. ನೀವು ಹೇಳೋ ಲೆಕ್ಕದಲ್ಲಿ ನನಗೆ ಸಾವೇ ಇಲ್ಲ. ಅಷ್ಟು ದೀರ್ಘಕಾಲ ನಿಮ್ಮ ಜೊತೆ ಇರಬೇಕಲ್ಲಾ ಅಂತ ಈಗ್ಲೇ ಸುಸ್ತಾಗ್ತಿದೆ. ಅಪ್ಪನ ಕುರ್ಚಿ ಮುಟ್ಟಿದ್ರೆ ನೋಡಿ!”

ಮುಟ್ಟಿದೆ. ಬುಧವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೋದಮೇಲೆ, ಮಾವನವರು ಸ್ನಾನಕ್ಕಿಳಿದ ಹೊತ್ತಿನಲ್ಲಿ, ಅಂಗಡಿಯ ವ್ಯಾನು ತರಿಸಿ ಕುರ್ಚಿಯನ್ನು ಸಾಗಿಸಿಬಿಟ್ಟೆ. ಊಟದ ಮೇಜಿನ ಕುರ್ಚಿಗಳನ್ನೂ ಅಟ್ಟಕ್ಕೇರಿಸಿದೆ. ಮಂಚವೇನೋ ಇತ್ತು, ಆದರೆ ಹಗಲಲ್ಲಿ ಮಂಚದ ಮೇಲೆ ಕೂರುವುದು ಕಾಯಿಲೆಯವರ ಲಕ್ಷಣ ಎಂದು ಮಾವನವರ ಬಲವಾದ ನಂಬಿಕೆ.

ತಲೆ ಒರೆಸಿಕೊಳ್ಳುತ್ತಾ ಬಂದ ಅವರು ಖಾಲಿ ಮೂಲೆಯನ್ನು ನೋಡಿ ನಿಂತರು. “ಅಳಿಯಂದ್ರೇ, ನನ್ನ ಕುರ್ಚಿ?”

“ಪಾಲಿಶ್‌ಗೆ ಕೊಟ್ಟಿದೀನಿ ಮಾವ!” ನಾಲಿಗೆ ತುದಿಗೆ ಬಂದ ಸುಳ್ಳನ್ನು ಹಾಗೆಯೇ ಉದುರಿಸಿದೆ.

“ಪಾಲಿಶ್‌ಗೆ?” ಅವರ ಮುಖ ಬಿಳಿಚಿತು. “ಯಾರ ಕೈಗೆ?”

“ನಮ್ಮ ಅಂಗಡಿಯೋರ ಕೈಗೇ. ಒಳ್ಳೇ ಕೆಲಸದೋರು, ಯೋಚನೆ ಮಾಡ್ಬೇಡಿ.”

ಅವರು ತಲೆಯಾಡಿಸಲಿಲ್ಲ. ನಾನಾದರೋ ಅದನ್ನು ಗಮನಿಸಲೂ ಇಲ್ಲ. ಕಿಟಕಿಯ ಬಳಿ ಅವರು ನಿಂತ ಭಂಗಿ ನೋಡಿ, ಆಗಲೇ ಆಯಸ್ಸು ಏರತೊಡಗಿದೆ ಎಂದು ಹಿಗ್ಗುತ್ತಾ ಕೆಲಸಕ್ಕೆ ಹೊರಟೆ. ಬಡಗಿಯೊಬ್ಬನ ಮುಂದೆ ಅವನ ಕುರ್ಚಿಗೆ ಬೇರೆಯವರು ಪಾಲಿಶ್ ಹಾಕುತ್ತಿದ್ದಾರೆ ಎನ್ನುವುದಕ್ಕಿಂತ ಕುರ್ಚಿ ಕಳುವಾಯಿತು ಎನ್ನುವುದೇ ಮೇಲು ಎಂಬ ಬುದ್ಧಿ ಆಗ ನನಗಿರಲಿಲ್ಲ.

ಇನ್ನೊಂದು ಬುದ್ಧಿಯೂ ಇರಲಿಲ್ಲ. ನಮ್ಮ ಅಂಗಡಿಯ ಹಿಂಬದಿಯಲ್ಲೊಂದು ಗೋಡೌನ್ ಇದೆ. ಗಿರಾಕಿಗಳು ಹಳೆಯದು ಕೊಟ್ಟು ಹೊಸದು ಕೊಂಡಾಗ ಆ ಹಳೆಯದನ್ನೆಲ್ಲ ಅಲ್ಲಿ ತುಂಬುತ್ತೇವೆ. ಅಲ್ಲಿರುವ, ನಾಲ್ಕು ಕಾಲು ನೆಟ್ಟಗಿರುವ ಯಾವ ವಸ್ತುವನ್ನಾದರೂ ಯಾರು ಬೇಕಾದರೂ ಮಾರಬಹುದೆಂಬುದು ಅಂಗಡಿಯ ನಿಯಮ. ವರ್ಷಗಟ್ಟಲೆ ಆ ನಿಯಮ ಪಾಲಿಸಿದ ನಾನು, ಮಾವನವರ ಕುರ್ಚಿಯನ್ನು ನೇರ ಅಲ್ಲಿಯೇ ಇಡಿಸಿದ್ದೆ!

ಬೆಳಿಗ್ಗೆಯೆಲ್ಲ ಹೊರಗಡೆ ಒಂದು ಬೀರು ಜೋಡಿಸುವ ಕೆಲಸವಿತ್ತು. ಮಧ್ಯಾಹ್ನ ಅಂಗಡಿಗೆ ಮರಳಿದಾಗ ನನ್ನ ಸಹೋದ್ಯೋಗಿ ಹಲ್ಲು ಕಿರಿಯುತ್ತಾ ಎದುರುಗೊಂಡ. ಗಿರಾಕಿ ಬಾಯಿ ತೆರೆಯುವ ಮೊದಲೇ ಬೆಲೆ ಇಳಿಸುವ ಅವನಿಗೆ ನಾವಿಟ್ಟ ಹೆಸರು ಡಿಸ್ಕೌಂಟು.

“ಗೋಡೌನಲ್ಲಿ ಒಂದು ತೇಗದ ಕುರ್ಚಿ ಬಂದಿತ್ತು ಗುರು, ಎಂಥಾ ಮಾಲು! ಕ್ಲಿನಿಕ್ಕಿನ ಡಾಕ್ಟ್ರು ಬಂದಿದ್ರು, ಕಾಯೋ ಪೇಷಂಟ್‌ಗಳಿಗೆ ಗಟ್ಟಿ ಕುರ್ಚಿ ಬೇಕು ಅಂತ. ಅವರ ಗಾತ್ರ ಗೊತ್ತಲ್ಲ? ಅಂಗಡಿಯ ಕುರ್ಚಿಗಳೆಲ್ಲ ಕಿರ್ರೋ ಅಂದ್ವು. ಇದೊಂದು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ತಗೊಂಡೇ ಹೋದ್ರು!”

ನನ್ನ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಹಿಡಿದುಕೊಳ್ಳೋಣವೆಂದರೆ ಎದುರಿಗಿದ್ದದ್ದು ಗಾಲಿಗಳ ಮೇಲೆ ಓಡಾಡುವ ಆಫೀಸು ಕುರ್ಚಿ. ಅದೂ ಜಾರಿಕೊಂಡು ಹೋಯಿತು. ನೆಲದಲ್ಲಿ ಬಿದ್ದಿದ್ದವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

“ರೀ...” ಹೆಂಡತಿಯ ದನಿ ಎಂದಿನಂತಿರಲಿಲ್ಲ. “ಊಟಕ್ಕೆ ಅಂತ ಮನೆಗೆ ಬಂದೆ, ಅಪ್ಪ ಇಲ್ಲ. ಬಾಗಿಲು ತೆಗೆದೇ ಇದೆ. ಊಟ ಹಾಗೇ ಇದೆ.”

ಎದ್ದವನೇ ಬೀದಿಗೆ ಓಡಿದೆ. ಗೇಟು ದಾಟಲಾರದ ಮುದುಕರು! ಮಂಡಿಯಲ್ಲಿ ಬಲವಿಲ್ಲ, ಕೈಯಲ್ಲಿ ಫೋನಿಲ್ಲ. ಪಾರ್ಕಿನ ಬೆಂಚುಗಳನ್ನೆಲ್ಲ ನೋಡಿದೆ. ಬಸ್ ನಿಲ್ದಾಣ ನೋಡಿದೆ. ಔಷಧದಂಗಡಿ, ಕ್ಷೌರದಂಗಡಿ, ಗರಗಸದ ಸದ್ದು ಬಂದ ಕಡೆಯೆಲ್ಲ ಇಣುಕಿದೆ. ಹೆಂಡತಿ ಇನ್ನೊಂದು ಕಡೆಯಿಂದ ಹುಡುಕುತ್ತಾ ಬಂದಳು. ಪಾರ್ಲರಿನ ಏಪ್ರನ್ನೂ ಬಿಚ್ಚಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲೇ ಇಲ್ಲ. “ಅಪ್ಪ ಸಿಗ್ತಾರಲ್ವಾ ರೀ?” ಎಂದಷ್ಟೇ ಕೇಳಿದಳು. ಯಾವ ಸಂಶೋಧನೆಯಲ್ಲೂ ಅದಕ್ಕೆ ಉತ್ತರವಿರಲಿಲ್ಲ. ನನಗೆ ಅಳುವೇ ಬಂತು.

ಇನ್ನು ಪೊಲೀಸರೇ ಗತಿ ಎಂದುಕೊಂಡು, ಬಿಲ್ಲು ಹಾಕುವ ಪ್ರಿಂಟರಿನಲ್ಲಿ ಫೋಟೋ ಪ್ರಿಂಟ್ ಮಾಡಿಸಲು ನಮ್ಮ ಅಂಗಡಿಗೇ ಓಡಿದೆವು. ನನ್ನ ಫೋನಿನಲ್ಲಿದ್ದ ಮಾವನವರ ಚಿತ್ರವನ್ನು ಪ್ರಿಂಟ್ ಹಾಕಲು ಕೊಟ್ಟಾಗ ಡಿಸ್ಕೌಂಟು ಅದನ್ನು ನೋಡಿ ಹುಬ್ಬೇರಿಸಿದ.

“ಈ ಯಜಮಾನ್ರಾ? ನೀನು ಬರೋಕ್ಕೆ ಸ್ವಲ್ಪ ಮುಂಚೆ ಇಲ್ಲಿಗೇ ಬಂದಿದ್ರಲ್ಲ! ‘ಪಾಲಿಶ್ ನಿಲ್ಸಿ, ಮೊದ್ಲು ಮರಳುಕಾಗದದಲ್ಲಿ ಉಜ್ಜಿದ್ರೋ ಇಲ್ವೋ’ ಅಂತ ಜೋರು ಮಾಡಿದ್ರು. ಯಾವ ಪಾಲಿಶ್ ಸ್ವಾಮಿ, ಆ ಕುರ್ಚಿ ಕ್ಲಿನಿಕ್ಕಿಗೆ ಹೋಯ್ತು ಅಂದೆ. ಯಾವ ಕಡೆ ಅಂದ್ರು. ತೋರಿಸ್ದೆ.”

“ನನಗ್ಯಾಕೋ ಹೇಳ್ಲಿಲ್ಲ?”

“ನೀನು ಕೇಳಿದ್ಯಾ? ಬಂದೆ, ಬಿದ್ದೆ, ಎದ್ದೆ, ಓಡಿದೆ!”

ನಾವು ಮತ್ತೆ ಓಡಿದೆವು. ಕ್ಲಿನಿಕ್ಕಿನ ಬಾಗಿಲು ತಳ್ಳಿದರೆ, ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೆಮ್ಮುವವರು, ನರಳುವವರು. ಅವರೆಲ್ಲರ ನಡುವೆ, ತಮ್ಮ ಕುರ್ಚಿಯ ಅಗಲ ಕೈಗಳ ಮೇಲೆ ಎರಡೂ ಕೈ ಚಾಚಿ, ಮಾವನವರು ನೆಮ್ಮದಿಯಾಗಿ ಕೂತಿದ್ದರು!

“ಅಪ್ಪಾ!” ಹೆಂಡತಿ ಹೋಗಿ ಅವರ ಹೆಗಲಿಗೆ ಒರಗಿ ಅತ್ತುಬಿಟ್ಟಳು. ಎದೆಯ ಮೇಲಿದ್ದ ಬಂಡೆ ಇಳಿದಂತಾಗಿ ನಾನು ಬಾಗಿಲಿಗೇ ಒರಗಿದೆ.

“ಇವರು ನಿಮ್ಮೋರಾ?” ಎಂದು ನರ್ಸು ಮೂಗು ಮುರಿದಳು. “ಟೋಕನ್ ತಗೊಳ್ಳಿ ಅಂದ್ರೆ ‘ನಾನು ಪೇಷಂಟಲ್ಲ, ಕುರ್ಚಿಯೋನು’ ಅಂತಾರೆ. ಏಳಿ ಅಂದ್ರೆ ಏಳಲ್ಲ.”

ಗದ್ದಲ ಕೇಳಿ ಡಾಕ್ಟರು ಹೊರಬಂದರು. ನಾನು ನಡೆದದ್ದನ್ನೆಲ್ಲ ಒಪ್ಪಿಸಿದೆ; ಕೋಣೆಯಲ್ಲಿದ್ದ ಕಾಯಿಲೆಯವರೆಲ್ಲ ಕೆಮ್ಮು ಮರೆತು ಕೇಳಿದರು. ಡಾಕ್ಟರು ಮಾವನವರ ನಾಡಿ ಹಿಡಿದು, ಬಿ.ಪಿ. ನೋಡಿ, “ಕಲ್ಲುಗುಂಡಿನ ಹಾಗಿದಾರೆ” ಎಂದರು. ಆಮೇಲೆ ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಹುಬ್ಬು ಗಂಟಿಕ್ಕಿದರು. “ನಿಮ್ಮದೇ ಸರಿ ಇಲ್ಲ. ಕೂತ್ಕೊಳ್ಳಿ.”

“ಅಲ್ಲ ಡಾಕ್ಟ್ರೇ, ಕೂರೋದು ಅಪಾಯ ಅಂತ ಸಂಶೋಧನೆ...”

“ಗಂಟೆಗಟ್ಟಲೆ ಅಲ್ಲಾಡದೆ ಕೂತೇ ಇರೋದು ಒಳ್ಳೇದಲ್ಲ, ಸರಿ. ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಿ, ಮತ್ತೆ ಕೂತ್ಕೊಳ್ಳಿ ಅಂತ ಅದೇ ಸುದ್ದೀಲಿ ಬರೆದಿತ್ತಲ್ಲ. ಪೂರ್ತಿ ಓದಿದ್ರಾ?”

“ತಲೆಬರಹ ಪೂರ್ತಿ ಓದಿದೆ,” ಎಂದೆ.

ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಆ ನಗೆ ಕೇಳಿ ನನ್ನ ಬಿ.ಪಿ. ಅರ್ಧ ಇಳಿದಿರಬೇಕು. ಡಾಕ್ಟರು ದೊಡ್ಡ ಮನಸ್ಸಿನವರು. ಬದಲಿಗೆ ಇನ್ನೊಂದು ಗಟ್ಟಿ ಕುರ್ಚಿ ತಂದುಕೊಡುತ್ತೇನೆ ಎಂದು ನಾನು ಹೇಳಿದ್ದಕ್ಕೆ ಒಪ್ಪಿ ಕುರ್ಚಿಯನ್ನು ಬಿಟ್ಟುಕೊಟ್ಟರು.

ಅಂಗಡಿಯ ವ್ಯಾನು ಬೇರೆ ಕಡೆ ಹೋಗಿತ್ತು. ಆಟೋದೊಳಗೆ ಕುರ್ಚಿ ಹಿಡಿಸಲಿಲ್ಲ. ಮಾವನವರೋ ಅದನ್ನು ಕಣ್ಣಿನಿಂದ ಮರೆಯಾಗಲು ಬಿಡುವವರಲ್ಲ. ಕೊನೆಗೆ ನಾನು ಕುರ್ಚಿಯನ್ನು ತಲೆಯ ಮೇಲೆ ಹೊತ್ತೆ. ಪಕ್ಕದಲ್ಲಿ ಕೋಲೂರಿಕೊಂಡು ಮಾವನವರು, ಅವರ ಕೈ ಹಿಡಿದು ಹೆಂಡತಿ. ಮೂಲೆಯ ದೀಪದ ಕಂಬದ ಹತ್ತಿರ ಮಾವನವರು, “ಅಳಿಯಂದ್ರೇ, ಸ್ವಲ್ಪ ಇಳಿಸಿ” ಎಂದರು. ಇಳಿಸಿದೆ. ಕೂತರು. ದಾರಿಹೋಕರಿಗೆ ನಮಸ್ಕಾರ ಹೇಳಿದರು. ಎದ್ದರು. ಹೊತ್ತೆ. ಕ್ಷೌರದಂಗಡಿಯ ಮುಂದೆ ಮತ್ತೆ ಇಳಿಸಿದೆ. ಅಲ್ಲಿನ ಬಾಗಿಲು ವಾಲಿದೆ ಎಂದು ಕ್ಷೌರಿಕನೊಡನೆ ಮಾತಿಗೆ ನಿಂತರು, ಅಲ್ಲ, ಕೂತರು. ಶಾಲೆಯ ಗೇಟಿನ ಮುಂದೆ ಮಕ್ಕಳು ಸುತ್ತ ಮುತ್ತಿಕೊಂಡವು. ಆ ಮುಖದಲ್ಲಿ ಅಷ್ಟು ಕಳೆಯನ್ನು ಅತ್ತೆ ಹೋದಾಗಿನಿಂದ ನಾವ್ಯಾರೂ ನೋಡಿರಲಿಲ್ಲ. ನನ್ನ ಕತ್ತು ಹೆಗಲೊಳಗೆ ಇಳಿದಿತ್ತು, ಮನಸ್ಸು ಮಾತ್ರ ಹತ್ತಿಯಷ್ಟು ಹಗುರವಾಗಿತ್ತು. ಮನೆ ತಲುಪಿ, ಕುರ್ಚಿಯನ್ನು ಅದರ ಮೂಲೆಗಿಟ್ಟು, ಇನ್ನು ಜನ್ಮದಲ್ಲಿ ಯಾರನ್ನೂ ಸುಧಾರಿಸುವುದಿಲ್ಲವೆಂದು ಮನಸ್ಸಿನಲ್ಲೇ ಕೈಮುಗಿದೆ.

ಮರುದಿನ ಬೆಳಿಗ್ಗೆ ನೋಡಿದರೆ ಮಾವನವರು ಚಪ್ಪಲಿ ಮೆಟ್ಟಿ, ಕೋಲು ಹಿಡಿದು, ಬಾಗಿಲಲ್ಲಿ ಸಿದ್ಧರಾಗಿ ನಿಂತಿದ್ದಾರೆ!

“ಎಲ್ಲಿಗೆ ಮಾವ?”

“ವಾಕಿಂಗಿಗೆ. ನಿನ್ನೆ ಎಷ್ಟು ಹಿತವಾಗಿತ್ತು! ದಿನಾ ಹೋಗೋಣ ಅಳಿಯಂದ್ರೇ.”

ನಾನು ಉಬ್ಬಿಹೋದೆ. ಕಡೆಗೂ ಗೆದ್ದದ್ದು ನಾನೇ, ನನ್ನ ಸಂಶೋಧನೆಯೇ! ಹೆಂಡತಿಯ ಕಡೆ ಒಂದು ವಿಜಯದ ನೋಟ ಬೀರಿ, ಕೈಬೀಸಿಕೊಂಡು ಗೇಟಿನವರೆಗೆ ಹೋಗಿದ್ದೆ.

“ರೀ!” ಎಂದು ಒಳಗಿನಿಂದ ಕೂಗಿದಳು ಅವಳು. “ಬರೀ ಕೈಲಿ ಹೊರಟ್ರಲ್ಲ, ಕುರ್ಚಿ ಯಾರು ಹೊರ್ತಾರೆ?”