ಗ್ರೈಂಡರ್ ತಿರುಗಿದರೆ ಲಿಫ್ಟ್ ನಿಲ್ಲುತ್ತದೆ

ಎರಡು ಸಂಗತಿ ಜೊತೆಯಾಗಿ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ. ವಡೋದರಾದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರಾಗಿ ಇದೊಂದು ಮಾತನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ. ಆಮೇಲೆ ಹೀಗಾಗುತ್ತದೆ.

ಪಲ್ಯವೂ ಮೂಳೆಯೂ

ಇಲ್ಲಿ ಸಂಕ್ರಾಂತಿಗೆ ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತದೆ. ಮನೆಮನೆಯಲ್ಲೂ ಉಂಧಿಯು ಎಂಬ ತರಕಾರಿ ಪಲ್ಯ. ಪಾಠಕ್ಕೆ ಇದನ್ನೇ ಹಿಡಿದೆ. ಉಂಧಿಯು ಹೆಚ್ಚು ಮಾರಾಟವಾದ ದಿನ ಮೂಳೆ ಡಾಕ್ಟರ ಬಳಿಯೂ ಜನ ಹೆಚ್ಚು. ಆದರೆ ಮೂಳೆ ಮುರಿಯುವುದು ಪಲ್ಯದಿಂದಲ್ಲ, ತಾರಸಿಯಿಂದ ಬಿದ್ದು. ಎರಡಕ್ಕೂ ಮೂಲ ಹಬ್ಬ ಎಂದೆ. ತರಗತಿಗೆ ತರಗತಿಯೇ ಒಪ್ಪಿತು. ಗಂಟೆ ಹೊಡೆದ ಮೇಲೆ ಮುಂದಿನ ಬೆಂಚಿನ ಹುಡುಗಿ ನನ್ನ ಹಿಂದೆಯೇ ಬಂದಳು. ಅವಳ ಅಜ್ಜಿಗೆ ಮೊದಲೇ ಮೂಳೆ ಸವೆತವಂತೆ.

"ಸರ್, ಎಣ್ಣೆ ಕಮ್ಮಿ ಹಾಕಿ ಮಾಡಿದ್ರೆ ಅವರು ಸ್ವಲ್ಪ ತಿನ್ನಬಹುದಾ?"

ಶನಿವಾರದ ಪ್ರಯೋಗ

ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಎಲ್ಲರ ಬಾಯಲ್ಲೂ ಕಾಕಾ. ನಿವೃತ್ತರು, ಹಾಗಾಗಿ ಎಲ್ಲವನ್ನೂ ಗಮನಿಸುತ್ತಾರೆ. ಶನಿವಾರ ಸಂಜೆ ನಮ್ಮ ಮನೆಯಲ್ಲಿ ಇಡ್ಲಿಗೆ ರುಬ್ಬುವ ಗ್ರೈಂಡರ್ ಶುರುವಾದರೆ ಲಿಫ್ಟ್ ನಿಲ್ಲುತ್ತದೆಂದು ಕಂಡುಹಿಡಿದರು. ಆ ಹೊತ್ತಿಗೆ ಎಲ್ಲರೂ ಹೊರಗಿನ ಊಟಕ್ಕೆ ಹೊರಟು ಲಿಫ್ಟಿನಲ್ಲಿ ಮಿತಿಮೀರಿ ತುಂಬಿಕೊಳ್ಳುತ್ತಾರೆ, ಅದಕ್ಕೇ ಹಾಗಾಗುತ್ತದೆ ಎಂದೆ. ಒಂದು ವಾರ ರುಬ್ಬದೆ ನೋಡೋಣ ಎಂದರು ಕಾಕಾ. ಪ್ರಯೋಗ ಬೇಡ ಎನ್ನಲು ನನ್ನಂಥವನಿಗೆ ಬಾಯಿ ಬರುತ್ತದೆಯೇ? ಆ ಶನಿವಾರವೇ ಅರ್ಧ ಅಪಾರ್ಟ್‌ಮೆಂಟು ಮದುವೆಗೆ ಹೋಗಿತ್ತು. ಖಾಲಿ ಲಿಫ್ಟ್ ನಿಲ್ಲಲಿಲ್ಲ. ಗ್ರೈಂಡರಿಗೆ ನಿಷೇಧ ಬಿತ್ತು.

ಭಾನುವಾರದ ಇಡ್ಲಿಯ ಆಸೆಯಲ್ಲೇ ವಾರವಿಡೀ ಪಾಠ ಮಾಡುವವನು ನಾನು. ಒಂದೇ ಶನಿವಾರದಿಂದ ಏನೂ ಸಾಬೀತಾಗುವುದಿಲ್ಲ ಎಂದು ಹೆಂಡತಿಗೆ ವಿವರಿಸಿದೆ.

"ಹಾಗಾದ್ರೆ ಇನ್ನೆಷ್ಟು ಶನಿವಾರ ಇಡ್ಲಿ ಬಿಟ್ರೆ ನಿಮ್ಮ ಶಾಸ್ತ್ರಕ್ಕೆ ಸಮಾಧಾನ ಆಗುತ್ತೆ?" ಎಂದಳು.

ಲಿಫ್ಟಿನೊಳಗೆ

ಮುಂದಿನ ಶನಿವಾರ ಸಂಜೆ ಎಂದಿನಂತೆ ತರಕಾರಿ ಚೀಲ ಹಿಡಿದು ಲಿಫ್ಟ್ ಹತ್ತಿದೆ. ಒಳಗೆ ಕಾಕಾ, ಜೊತೆಗೆ ಮೇಲಿನ ಯಾರದೋ ಮನೆಗೆ ಬಂದ ಒಂದು ಹಿಂಡು ನೆಂಟರು. ಲಿಫ್ಟ್ ಅರ್ಧದಲ್ಲಿ ನಿಂತಿತು. ಎಲ್ಲರೂ ಗೊಣಗುತ್ತಿದ್ದರೆ ನನಗೆ ಕುಣಿಯುವಷ್ಟು ಸಂತೋಷ, ಜಾಗವಿರಲಿಲ್ಲ ಅಷ್ಟೆ. ನಮ್ಮ ಗ್ರೈಂಡರ್ ಇವತ್ತು ತಿರುಗೇ ಇಲ್ಲ ಎಂದೆ. ಕಾಕಾ ನ್ಯಾಯವಂತರು. ಯೋಚಿಸಿ, ಗ್ರೈಂಡರಿನ ತಪ್ಪಿಲ್ಲವೆಂದು ಒಪ್ಪಿದರು. ಆಮೇಲೆ ನನ್ನನ್ನೇ ದಿಟ್ಟಿಸಿದರು.

"ಪ್ರೊಫೆಸರ್ ಸಾಹೇಬ್, ಹಿಂದೆ ಲಿಫ್ಟ್ ನಿಂತಾಗಲೂ ಒಳಗೆ ನೀವಿದ್ರಿ ಅಲ್ವಾ?"

ನಿಷೇಧ ಗ್ರೈಂಡರಿನಿಂದ ನನಗೆ ವರ್ಗವಾಯಿತು. ಈಗ ಭಾನುವಾರ ಇಡ್ಲಿ ಉಂಟು. ನಾನು ಐದನೇ ಮಹಡಿಗೆ ಮೆಟ್ಟಿಲು ಹತ್ತುತ್ತೇನೆ. ಬೇಸರವೆಂದರೆ, ಅಂದಿನಿಂದ ಲಿಫ್ಟ್ ಒಮ್ಮೆಯೂ ನಿಂತಿಲ್ಲ. ಮೊನ್ನೆ ಅಲ್ಕಾಪುರಿ ಬಡಾವಣೆಯ ಬಟ್ಟೆ ಅಂಗಡಿಯಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಹೆಂಡತಿ ಒಳಗೆ ಹೋಗಿ, ಹಿಂದೆ ಹೆಜ್ಜೆಯಿಟ್ಟ ನನ್ನನ್ನು ಮೆತ್ತಗೆ ತಡೆದಳು.

"ನೀವು ಮೆಟ್ಟಿಲಲ್ಲೇ ಬನ್ನಿ."