ತಳ ಕಾಣದ ಅಲಸಂದೆ ಡಬ್ಬಿ

ಹಸಿದವರಿಗೆ ಕಾಯುವ ತಾಳ್ಮೆ ಇರುವುದಿಲ್ಲ, ಕಾಳಿಗೆ ಬೇಗ ಬೇಯುವ ಬುದ್ಧಿ ಇರುವುದಿಲ್ಲ. ಈ ಇಬ್ಬರ ನಡುವೆ ಸಿಕ್ಕಿಕೊಂಡವಳ ಪಾಡು ಏನೆಂದು ತಿಳಿಯಬೇಕಾದರೆ ನೀವು ನೌಕರಿಗೆ ಹೋಗುವ ಹೆಂಗಸಾಗಿರಬೇಕು, ಅದರ ಮೇಲೆ ನೆಂಟರಿಷ್ಟರು ಜಾಸ್ತಿ ಇರುವ ಮನೆಗೆ ಸೊಸೆಯಾಗಿರಬೇಕು. ಮೊನ್ನೆ ನಮ್ಮ ಸೊಸೆ ಯಾವುದೋ ವಾರಪತ್ರಿಕೆಯಲ್ಲಿ ಓದಿ ಹೇಳಿದಳು: ಹೊರದೇಶಗಳಲ್ಲಿ ಬೇಯಿಸಿದ ಕಾಳನ್ನೇ ಡಬ್ಬಿಗೆ ತುಂಬಿ ಮಾರುತ್ತಾರಂತೆ, ಮುಚ್ಚಳ ಕತ್ತರಿಸಿ ಬಾಣಲೆಗೆ ಸುರಿದು ಒಗ್ಗರಣೆ ಕೊಟ್ಟರೆ ಊಟ ಸಿದ್ಧವಂತೆ. ಕೇಳಿ ನನಗೆ ಸಂತೋಷವಾಗಲಿಲ್ಲ, ಹೊಟ್ಟೆ ಉರಿಯಿತು. ಅಂಥ ಡಬ್ಬಿ ಒಂದೇ ಒಂದು ಅವತ್ತು ಕಲ್ಯಾಣದುರ್ಗದ ನಮ್ಮ ಅಡುಗೆಮನೆಯಲ್ಲಿ ಇದ್ದಿದ್ದರೆ ನನ್ನ ಕೂದಲು ಇಷ್ಟು ಬೇಗ ನೆರೆಯುತ್ತಿರಲಿಲ್ಲ ಎಂಬ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ನಮ್ಮ ಅತ್ತೆಮನೆಯವರು ಹಿಂದೂಪುರದಲ್ಲಿ ಬೆಲ್ಲ, ಹುಣಸೆಹಣ್ಣು, ಕಾಳುಕಡ್ಡಿಯ ವ್ಯಾಪಾರಸ್ಥರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಬಂದಾಗ ಕಲ್ಯಾಣದುರ್ಗದ ಒಂದು ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ನಮ್ಮಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ದುಡಿದು ನನ್ನನ್ನು ಟೈಪಿಂಗ್ ಕ್ಲಾಸಿಗೆ ಕಳಿಸಿದವರು. ಆ ಕೆಲಸ ನನಗೆ ಬೇಕಿತ್ತು. ಬೇಕಿತ್ತು ಅಂದರೆ ಬಹಳ ಬೇಕಿತ್ತು. ನಮ್ಮ ಮನೆಯವರು ಒಳ್ಳೆಯವರು, ಅಲ್ಲೇ ಮನೆ ಮಾಡಿದರು, ಸುತ್ತಲಿನ ಹಳ್ಳಿಗಳಲ್ಲಿ ಕಾಳು ಕೊಂಡು ಹಿಂದೂಪುರದ ಮಂಡಿಗೆ ಕಳಿಸುವ ಕೆಲಸ ಹಚ್ಚಿಕೊಂಡರು. ಇದಕ್ಕೆ ಮುಖ ಸಿಂಡರಿಸಿದವರು ಒಬ್ಬರೇ, ನಮ್ಮ ದೊಡ್ಡಮಾವ. ಮಾವನವರ ಅಣ್ಣ, ಮನೆಗೆ ಯಜಮಾನರು. ಹಣೆತುಂಬ ವಿಭೂತಿ, ದಪ್ಪ ಮೀಸೆ, ಮಾತು ಕಡಿಮೆ. ಆ ಕಡಿಮೆ ಮಾತಿನಲ್ಲೇ ಅವರು ಒಂದು ಷರತ್ತು ಹಾಕಿದರು.

"ಕೆಲ್ಸಕ್ಕೆ ಹೋಗ್ಲಿ, ಬ್ಯಾಡ ಅನ್ನಲ್ಲ. ಆದ್ರೆ ನೋಡಮ್ಮ, ನಮ್ಮನೆಗೆ ಬಂದೋರು ಯಾರೂ ಹಸ್ಕಂಡು ಹೋದೋರಿಲ್ಲ. ಕಲ್ಯಾಣದುರ್ಗದಾಗೆ ಒಬ್ರು ಹಸ್ಕಂಡು ಹೋದ್ರು ಅಂತ ನನ್ ಕಿವಿಗೆ ಬಿತ್ತೋ, ಅವತ್ತೇ ಮನೆ ಖಾಲಿ ಮಾಡ್ಕಂಡು ಹಿಂದೂಪುರಕ್ಕೆ ಬಂದ್ಬುಡ್ಬೇಕು. ಅಂತೇ."

ಆ 'ಅಂತೇ' ತೆಲುಗು, ಅಷ್ಟೇ ಎಂದು ಅರ್ಥ. ಕನ್ನಡದಲ್ಲಿ ಎಷ್ಟು ಮಾತಾಡಿದರೂ ನಮ್ಮ ಕಡೆಯವರು ಕದ ಹಾಕುವುದು ಮಾತ್ರ ತೆಲುಗಿನಲ್ಲಿ. ಅದರ ಮೇಲೆ ಅಪೀಲು ಇಲ್ಲ.

ಷರತ್ತು ಊರೆಲ್ಲ ಹರಡಿತು. ಅಲ್ಲಿಯತನಕ ಕಲ್ಯಾಣದುರ್ಗ ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲದ ನೆಂಟರಿಗೂ ಅಲ್ಲಿ ಏನಾದರೊಂದು ಕೆಲಸ ಬೀಳತೊಡಗಿತು. ಸೋಮಂದೇಪಲ್ಲಿಯ ಚಿಕ್ಕತ್ತೆಗೆ ಅಲ್ಲಿಯ ಡಾಕ್ಟರ ಕೈಗುಣವೇ ಆಗಬೇಕು. ಚಿಲಮತ್ತೂರಿನ, ಮಾವನವರ ಷಡ್ಡಕರಿಗೆ ಎತ್ತು ನೋಡುವುದಿತ್ತು; ಅವರು ಎತ್ತು ಕೊಂಡದ್ದನ್ನು ನಾನಂತೂ ಕಾಣೆ. ಎಲ್ಲರೂ ಬರುತ್ತಿದ್ದುದು ಒಂದೇ ಹೊತ್ತಿಗೆ, ನಾನು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ. ಉಪ್ಪಿಟ್ಟು ಕೆದಕಿ ಕೊಟ್ಟು ಪಾರಾಗೋಣವೆಂದರೆ ಅದೂ ಇಲ್ಲ. ದೊಡ್ಡಮಾವನ ಲೆಕ್ಕದಲ್ಲಿ ಉಪ್ಪಿಟ್ಟು ಅಡುಗೆಯೇ ಅಲ್ಲ, ಅಡುಗೆ ಮಾಡಲು ಮನಸ್ಸಿಲ್ಲ ಎಂಬುದರ ಗುರುತು. ಊಟ ಅಂದರೆ ಮುದ್ದೆ, ಕಾಳಿನ ಸಾರು. ವಾರಕ್ಕೊಮ್ಮೆ ಸಂತೆಯಲ್ಲಿ ತಂದ ತರಕಾರಿ ಆ ಬಿಸಿಲಿಗೆ ಎರಡನೇ ದಿನಕ್ಕೇ ಸೊರಗಿ ಕೂರುತ್ತಿತ್ತು. ಉಳಿದದ್ದು ಕಾಳು ಮಾತ್ರ.

ನನಗಿದ್ದ ಅನುಕೂಲ ಒಂದೇ: ಶಿವಪೂಜೆ. ನಮ್ಮಲ್ಲಿ ದೊಡ್ಡವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸದೆ ತುತ್ತು ಮುಟ್ಟುವುದಿಲ್ಲ. ನೆಂಟರು ಬಚ್ಚಲಿಗೆ ಹೋದದ್ದರಿಂದ ಹಿಡಿದು ಪೂಜೆಯಿಂದ ಏಳುವ ತನಕದ ಹೊತ್ತು ನನ್ನದು. ಅಷ್ಟರೊಳಗೆ ಅಡುಗೆ ಆಗಲೇಬೇಕು, ಆಗಿಯೇ ಆಗುತ್ತದೆ ಎಂದು ನಾನು ಹಟ ಹಿಡಿದೆ. ಮದುವೆಯಲ್ಲಿ ಬಂದ ಕುಕ್ಕರನ್ನು ಅಟ್ಟದಿಂದ ಇಳಿಸಿದೆ. ಹುರಿಗಡಲೆ, ಕಡಲೆಕಾಯಿ ಬೀಜ, ಒಣಕೊಬ್ಬರಿ, ಮೆಣಸಿನಕಾಯಿ ಹುರಿದು ಪುಡಿ ಮಾಡಿ ಒಂದು ಡಬ್ಬಿಗೆ ತುಂಬಿದೆ. ನೀರಾದ ಸಾರಿಗೆ ಎರಡು ಚಮಚ ಹಾಕಿದರೆ ಬೆಳಗಿನಿಂದ ಕುದಿಸಿದಷ್ಟು ಗಟ್ಟಿಯಾಗುತ್ತಿತ್ತು. ನೆಂಟರು ಬರಲಿ ಬಿಡಲಿ, ಆಫೀಸಿಗೆ ಹೊರಡುವ ಮುಂಚೆ ಒಂದು ಪಾವು ಕಾಳು ನೆನೆಹಾಕುವುದನ್ನು ಬಿಡಲಿಲ್ಲ. ನೆಂಟರು ಬರದ ದಿನ ಆ ಕಾಳನ್ನು ನಾವೇ ತಿನ್ನುತ್ತಿದ್ದೆವು. "ಇವತ್ತೂ ಯಾರೂ ಬರ್ಲಿಲ್ವಾ?" ಎಂದು ನಮ್ಮ ಮನೆಯವರು ತಟ್ಟೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ನೆಂಟರಿಗಾಗಿ ಅಷ್ಟು ಹಂಬಲಿಸಿದ ಗಂಡಸನ್ನು ನಾನು ಬೇರೆ ನೋಡಿಲ್ಲ.

ನನ್ನ ಹಟ ಆಫೀಸಿಗೂ ನುಗ್ಗಿತು. ಒಮ್ಮೆ ನೆನೆದ ಹುರುಳಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಲಿ ಎಂದು ಮೇಜಿನ ಡ್ರಾಯರಿನಲ್ಲಿಟ್ಟು ಮರೆತುಬಿಟ್ಟೆ. ನಡುವೆ ಭಾನುವಾರ, ಅದರ ಹಿಂದೆ ಹಬ್ಬದ ರಜ. ತಿರುಗಿ ಹೋದಾಗ ನಮ್ಮ ಹೆಡ್ ಕ್ಲಾರ್ಕು ಮೂಗಿಗೆ ಕರ್ಚೀಫು ಒತ್ತಿಕೊಂಡು ಒಂದೊಂದೇ ಬೀರು ಮೂಸುತ್ತಿದ್ದರು. "ಏಮಮ್ಮಾ, ಈ ವಾಸನ ಎಕ್ಕಡಿನುಂಚಿ ವಸ್ತೋಂದಿ?" ಈ ವಾಸನೆ ಎಲ್ಲಿಂದ ಬರುತ್ತಿದೆ ಎಂದು ನನ್ನನ್ನೇ ಕೇಳಿದರು. ಹಳೇ ಫೈಲುಗಳಿರಬೇಕು ಸಾರ್ ಎಂದೆ. ಪಾಪ, ನಂಬಿದರು. ಬಹಳ ಕಾಲದಿಂದ ಕದಲದೆ ಬಿದ್ದಿದ್ದ ಫೈಲುಗಳು ಅವತ್ತು ಒಂದೇ ದಿನದಲ್ಲಿ ವಿಲೇವಾರಿಯಾದವು. ಸರ್ಕಾರದ ಕೆಲಸಕ್ಕೆ ನಾನು ಮಾಡಿದ ದೊಡ್ಡ ಉಪಕಾರ ಅದೇ ಇರಬೇಕು.

ಈಗ ಡಬ್ಬಿಯ ವಿಷಯ ಹೇಳಬೇಕು. ವ್ಯಾಪಾರಸ್ಥರ ಮನೆಯಲ್ಲಿ ಕಾಳು ಕೊಂಡು ತರುವುದಿಲ್ಲ. ನಮ್ಮ ಮನೆಯವರು ಹಳ್ಳಿಯಲ್ಲಿ ಮೂಟೆಗೆ ಕೈ ಹಾಕಿ ಸ್ಯಾಂಪಲ್ ಎಂದು ಒಂದಿಷ್ಟು ಕಾಳು ಕಾಗದದಲ್ಲಿ ಕಟ್ಟಿ ತರುತ್ತಿದ್ದರು, ನೋಡಿ ಮುಗಿದ ಮೇಲೆ ಅದು ಡಬ್ಬಿಗೆ ಬೀಳುತ್ತಿತ್ತು. ಅಲಸಂದೆಯ ಡಬ್ಬಿ ಅತ್ತೆ ಹಿಂದೂಪುರದಿಂದ ತುಂಬಿಸಿಯೇ ಕಳಿಸಿದ್ದ ದೊಡ್ಡ ತಗಡಿನ ಡಬ್ಬಿ. ಕಳಿಸುವಾಗ ಬುದ್ಧಿ ಹೇಳಿದ್ದರು: "ಡಬ್ಬಿ ತಳ ಕಾಣಕ್ಕೆ ಬಿಡ್ಬಾರ್ದು ಕಣಮ್ಮ, ಲಕ್ಷ್ಮಿಗೆ ಆಗ್ಬರಲ್ಲ." ಖಾಲಿಯಾಯಿತು ಎನ್ನುವ ಮಾತನ್ನೂ ನಮ್ಮಲ್ಲಿ ಆಡುವುದಿಲ್ಲ, ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚಾಗಿದೆ' ಎಂದೇ ಹೇಳಬೇಕು. ನಾನು ಒಳ್ಳೆಯ ಸೊಸೆ. ಡಬ್ಬಿ ಅರ್ಧಕ್ಕೆ ಇಳಿಯುವ ಮುಂಚೆಯೇ ಮೇಲೆ ಸುರಿಯುತ್ತಿದ್ದೆ, ಮೇಲಿನಿಂದಲೇ ತೆಗೆಯುತ್ತಿದ್ದೆ. ತಳದಲ್ಲಿ ಯಾವ ಕಾಲದ ಕಾಳಿದೆ ಎಂದು ಲಕ್ಷ್ಮಿಗೂ ಗೊತ್ತಿರಲಿಲ್ಲ.

ಒಂದು ದಿನ ಆಫೀಸಿನಿಂದ ಬಂದರೆ ಜಗಲಿಯ ಮೇಲೆ ದೊಡ್ಡಮಾವ ಕೂತಿದ್ದಾರೆ. ಪಕ್ಕದಲ್ಲಿ ಕೈಚೀಲ, ಮುಖದಲ್ಲಿ ಬಸ್ಸಿನ ಧೂಳು. ಹಿಂದಿನ ದಿನವಷ್ಟೇ ಸೋಮಂದೇಪಲ್ಲಿಯ ಚಿಕ್ಕತ್ತೆ ಬಂದು ಹೋಗಿದ್ದರಿಂದ, ಇವತ್ತು ಯಾರು ಬರುತ್ತಾರೆ ಎಂದು ಅವತ್ತೊಂದು ದಿನ ನಾನು ಕಾಳು ನೆನೆಹಾಕಿರಲಿಲ್ಲ. ನಮ್ಮ ಮನೆಯವರು ಹಳ್ಳಿಗೆ ಹೋದವರು ಇನ್ನೂ ಬಂದಿರಲಿಲ್ಲ.

"ಬಸ್ಸು ಮಧ್ಯಾಹ್ನವೇ ಕೆಟ್ಟು ನಿಂತ್ಬುಡ್ತು ಕಣಮ್ಮ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಸ್ನಾನ ಮಾಡಿ ಪೂಜೆಗೆ ಕೂತ್ಕತೀನಿ. ಏಳೂವರೆ ಬಸ್ಸಿಗೆ ವಾಪಸ್ ಹೋಯ್ತೀನಿ."

ಹಸಿವು, ಪೂಜೆ, ಬಸ್ಸು. ಷರತ್ತು ಹಾಕಿದವರೇ ಹಸಿದುಕೊಂಡು ಹೊರಟರೆ ಕಿವಿಗೆ ಬೀಳುವ ಮಾತೆಲ್ಲಿ ಬಂತು, ಅವರೇ ಕಿವಿ, ಅವರೇ ಬಾಯಿ. ಅಡುಗೆಮನೆಗೆ ಹೋಗಿ ಸೆರಗು ಸಿಕ್ಕಿಸಿದೆ. ಆಗಲ್ಲ ಅನ್ನುವ ಮಾತು ಇವತ್ತು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಸ್ಟೌವಿಗೆ ಪಂಪು ಹೊಡೆದೆ. ಹೆಸರುಕಾಳಾದರೆ ಬೇಗ ಬೇಯುತ್ತಿತ್ತು, ಆದರೆ ಹೆಸರುಕಾಳು 'ಹೆಚ್ಚಾಗಿತ್ತು'. ಅಲಸಂದೆ ಡಬ್ಬಿಯನ್ನೇ ಎಳೆದು ಬಗ್ಗಿಸಿದೆ. ಅವಸರಕ್ಕೆ ಡಬ್ಬಿ ಜಾರಿ ಮೇಲಿನದು ಕೆಳಗಿನದು ಎಲ್ಲ ಕಲಸಿಹೋಯಿತು. ನೋಡುತ್ತ ಕೂರಲು ಹೊತ್ತೆಲ್ಲಿದೆ, ತೊಳೆದು ಬಿಸಿನೀರು ಸುರಿದು ಕುಕ್ಕರಿಗೆ ಹಾಕಿದೆ.

ಬಚ್ಚಲ ಸದ್ದು ನಿಂತಿತು. ದೊಡ್ಡಮಾವ ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಪೂಜೆಗೆ ಕೂತರು. ಕುಕ್ಕರು ಕೂಗಿತು, ಮತ್ತೆ ಮತ್ತೆ ಕೂಗಿತು. ಇಳಿಸಿ ತೆಗೆದು ನೋಡಿದರೆ ಅರ್ಧ ಕಾಳು ಬೆಂದು ಕರಗಿದೆ, ಇನ್ನರ್ಧ ಗೋಲಿಯ ಹಾಗೆ ಗಟ್ಟಿಯಾಗಿ ನನ್ನನ್ನೇ ನೋಡುತ್ತಿದೆ. ಪಡಸಾಲೆಗೆ ಇಣುಕಿದೆ. ದೊಡ್ಡಮಾವ ಕಣ್ಣು ಮುಚ್ಚಿದ್ದಾರೆ, ತುಟಿ ಅಲ್ಲಾಡುತ್ತಿದೆ. ಇನ್ನೂ ಹೊತ್ತಿದೆ ಎಂದು ಮತ್ತೆ ಮುಚ್ಚಿ ಇಟ್ಟೆ. ಅಷ್ಟರಲ್ಲಿ ಈ ಕಡೆ ಎಸರಿಗೆ ರಾಗಿಹಿಟ್ಟು ಹಾಕಿ ತೊಳಸಿ ಮುದ್ದೆ ಕಟ್ಟಿದೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ, ಹುಣಸೆಹಣ್ಣು ಕಿವುಚಿದೆ. ಮತ್ತೆ ತೆಗೆದೆ, ಗೋಲಿಗಳು ಹಾಗೇ ಇವೆ. ಮತ್ತೆ ಇಣುಕಿದೆ, ಪೂಜೆ ನಡೆದೇ ಇದೆ. ಇಷ್ಟು ಹಸಿದ ಮನುಷ್ಯನಿಗೆ ಇಷ್ಟು ಭಕ್ತಿಯೇ ಎಂದು ಆ ಗಡಿಬಿಡಿಯಲ್ಲೂ ನನಗೆ ಮನಸ್ಸು ತುಂಬಿಬಂತು. ಮತ್ತೊಮ್ಮೆ ಕೂಗಿಸಿ, ಇನ್ನು ಇವು ಬೇಯುವ ಜಾತಿಯಲ್ಲ ಎಂದು ತಿಳಿದು, ಹುರಿಗಡಲೆ ಪುಡಿ ಹಾಕಿ ಕುದಿಸಿ ಇಳಿಸಿದೆ. ಸ್ಟೌವಿನ ಸದ್ದು ನಿಂತದ್ದೇ ತಡ, ದೊಡ್ಡಮಾವ ಕಣ್ಣು ಬಿಟ್ಟು ಎದ್ದರು.

ತಟ್ಟೆ ಇಟ್ಟೆ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಎರಡನೇ ತುತ್ತಿಗೆ 'ಕಟಕ್' ಎಂದಿತು. ದೊಡ್ಡಮಾವ ಬಾಯಿಂದ ಒಂದು ಕಾಳು ತೆಗೆದು ತಟ್ಟೆಯ ಅಂಚಿಗಿಟ್ಟರು. ಇನ್ನೊಂದು 'ಕಟಕ್'. ಅದನ್ನೂ ಅದರ ಪಕ್ಕದಲ್ಲೇ ಇಟ್ಟರು. ನಾನು ಮನಸ್ಸಿನಲ್ಲೇ ರಾಜೀನಾಮೆ ಟೈಪ್ ಮಾಡತೊಡಗಿದೆ. ಅಪ್ಪನ ಮುಖ ನೆನಪಾಗಿ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ನಮ್ಮ ಮನೆಯವರು ಒಳಗೆ ಬಂದು, ದೊಡ್ಡಪ್ಪನನ್ನು ನೋಡಿ ಬಾಗಿಲಲ್ಲೇ ನಿಂತರು.

"ರುದ್ರಾ, ಬಾ ಇಲ್ಲಿ. ಈ ಕಾಳು ಕಡಿದು ನೋಡ್ಲಾ. ಇದು ಎಲ್ಲಿ ಮಾಲು?"

ನಮ್ಮ ಮನೆಯವರು ಕಡಿದು ನೋಡಿದರು. "ನಮ್ಮ ಹಿಂದೂಪುರದ್ದೇ ಇರ್ಬೇಕು ದೊಡ್ಡಪ್ಪ. ಡಬ್ಬಿ ತಳದಾಗಿತ್ತೇನೋ. ಮದ್ವೆಲಿ ಅಮ್ಮ ತುಂಬಿ ಕಳಿಸಿದ್ದು."

"ಮದ್ವೆಗೂ ಮುಂಚಿಂದು ಕಣ್ಲಾ ಇದು! ಹಳೇ ಮಾಲ್ನ ತಳಕ್ಕೆ ಹಾಕಿ, ಮ್ಯಾಲೆ ಹೊಸ ಮಾಲ್ ಸುರಿದ್ರೆ ಬೇಯ್ತದಾ? ಮಂಡಿಯಾಗೆ ಯಾವನಾದ್ರೂ ಹಿಂಗೆ ಬೆರೆಸಿ ತಂದ್ರೆ ಮೂಟೆ ಒದ್ದು ಕಳಿಸ್ತೀವಿ, ನಮ್ಮನೆ ಡಬ್ಬಿಯಾಗೇ ಈ ಕಾರ್ಬಾರು! ವ್ಯಾಪಾರ ಮಾಡೋನು ನೀನು, ಮನೆ ಡಬ್ಬಿಗೆ ಕೈ ಹಾಕಿ ನೋಡಿದ್ದೀಯಾ? ಹೆಣ್ಮಗಳು ಏನ್ ಮಾಡ್ತಾಳೆ ಪಾಪ?"

ನಮ್ಮ ಮನೆಯವರು ತಲೆ ತಗ್ಗಿಸಿದರು. ಗಂಡ ಬೈಸಿಕೊಳ್ಳುವಾಗ ಹೆಂಡತಿಗೆ ಸಂತೋಷವಾಗಬಾರದು ಎನ್ನುತ್ತಾರೆ. ನನಗೆ ಆಯಿತು.

ಆಮೇಲೆ ದೊಡ್ಡಮಾವ ನನ್ನ ಕಡೆ ತಿರುಗಿ ಇನ್ನೊಂದು ಮುದ್ದೆ ಕೇಳಿದರು. ಬಡಿಸುವಾಗ ತಗ್ಗಿದ ದನಿಯಲ್ಲಿ, "ನಾನಾದ್ರೂ ಇನ್ನೆಷ್ಟು ಹೊತ್ತು ಕೂತಿರ್ಲಮ್ಮ? ನಿನ್ ಕುಕ್ಕರ್ ಕೂಗೋದೇ ನಿಲ್ಸಲ್ಲ. ಶಿವ ಕೂಡ ಸಾಕಯ್ಯ ಏಳು ಅಂದ. ನಾನೇ ಕೇಳ್ಲಿಲ್ಲ," ಎಂದರು.

ನನಗೆ ಅರ್ಥವಾಗಲಿಲ್ಲ. "ಹಸಿದಿದ್ರಲ್ಲ ಮಾವ, ಬೇಗ ಎದ್ದುಬಿಡಬಹುದಿತ್ತಲ್ಲ," ಎಂದೆ.

"ಎದ್ದಿದ್ರೆ ತಟ್ಟೆ ಇರ್ತಿರ್ಲಿಲ್ಲ. ತಟ್ಟೆ ಇಲ್ದಿದ್ರೆ ಬಸ್ಸಿಗೆ ಹೊರಡ್ಬೇಕಿತ್ತು. ಹಸ್ಕಂಡು ಹೋದೆ ಅಂತ ನಾನೇ ಹೇಳ್ಬೇಕಿತ್ತು. ಆಡಿದ ಮಾತು ತಪ್ಪಕ್ಕಾಯ್ತದಾ? ಅದ್ಕೇ ಕೂತೇ ಇದ್ದೆ." ಕೈ ತೊಳೆದು ಚೀಲ ಎತ್ತಿಕೊಂಡರು. "ಕೆಲ್ಸ ಬಿಡ್ಬ್ಯಾಡ. ಆ ಡಬ್ಬಿ ಬೋರಲು ಹಾಕು. ಲಕ್ಷ್ಮಿ ಕೇಳಿದ್ರೆ ನನ್ ಹೆಸ್ರು ಹೇಳು. ಬತ್ತೀನಿ." ಏಳೂವರೆ ಬಸ್ಸು ಆಗಲೇ ಹೋಗಿತ್ತು. ಅವರು ಅದರ ಹಿಂದಿನ ಲಾರಿಯಲ್ಲಿ ಹೋದರು, ಹೊಟ್ಟೆ ತುಂಬಿತ್ತಲ್ಲ.

ದೊಡ್ಡಮಾವ ಈಗಿಲ್ಲ. ನಾನು ರಿಟೈರಾಗುವ ಮುಂಚೆಯೇ ವರ್ಗ ಮಾಡಿಸಿಕೊಂಡು ಹಿಂದೂಪುರಕ್ಕೆ ಬಂದೆ. ಸೊಸೆ ಇಲ್ಲೇ ಸ್ಕೂಲಿನಲ್ಲಿ ಟೀಚರು. ಸಂಜೆ ಅವಳು ಬರುವ ಹೊತ್ತಿಗೆ ನಾನು ಸ್ನಾನ ಮಾಡಿ ಪೂಜೆಗೆ ಕೂರುತ್ತೇನೆ. ದೊಡ್ಡಮಾವನ ಹಾಗೆ ಕೂರಬೇಕು, ಹಸಿವನ್ನು ಮುಖದಲ್ಲಿ ತೋರಿಸಬಾರದು, ಅವಳನ್ನು ಅವಸರ ಮಾಡಬಾರದು ಎಂದು ದಿನಾ ನಿಶ್ಚಯ ಮಾಡುತ್ತೇನೆ. ಕಣ್ಣು ಮುಚ್ಚುತ್ತೇನೆ. ಶಿವನ ಧ್ಯಾನ ಶುರುವಾಗುತ್ತದೆ. ಅದರ ನಡುವೆಯೇ ಅವಳು ಕುಕ್ಕರಿಗೆ ನೀರು ಜಾಸ್ತಿ ಹಾಕಿದಳೇ, ಉಪ್ಪು ಮೊದಲೇ ಹಾಕಿಬಿಟ್ಟಳೇ ಎಂದು ಕಿವಿ ಅಡುಗೆಮನೆಗೆ ಹೋಗಿ ಬರುತ್ತದೆ. ಆದರೂ ಬಾಯಿ ಬಿಡುವುದಿಲ್ಲ. ಅಷ್ಟರಮಟ್ಟಿಗೆ ದೊಡ್ಡಮಾವನ ಮನೆತನ ಉಳಿಸಿದ್ದೇನೆ ಎಂಬ ಹೆಮ್ಮೆ ನನಗಿತ್ತು. ಮೊನ್ನೆ, ಆ ಹೊರದೇಶದ ಡಬ್ಬಿಯ ಮಾತು ಬಂದ ದಿನವೇ, ಅವಳು ಅಡುಗೆಮನೆಯಿಂದ ಕೂಗಿ ಕೇಳಿದಳು, "ಅತ್ತೇ, ನಿಮ್ಮ ಪೂಜೆ ಮುಗೀತಾ?"

ಮುಚ್ಚಿದ ಕಣ್ಣು ಬಿಡದೆ ನಾನು ಹೇಳಿಬಿಟ್ಟೆ: "ಇನ್ನೊಂದು ಕೂಗು ಬಾಕಿ ಐತೆ ಕಣಮ್ಮ."