ಫ್ರಿಜ್ಜಿನಲ್ಲಿ ವೆಲ್ಡಿಂಗ್ ರಾಡು

— ಎರಡೂ ಉಕ್ಕೇ ತಾನೇ? ಬೆಸೀರಿ ಅಂದ್ರೆ ಕುಲಗೋತ್ರ ವಿಚಾರಿಸ್ತಾ ಕೂತಿದ್ದೀರಲ್ಲ.

— ತೋಳು ಸ್ಟೇನ್‌ಲೆಸ್ಸು, ಕಂಬಿ ಗಡಸು ಉಕ್ಕು. ಮಾಮೂಲಿ ರಾಡ್ ಹಾಕಿದ್ರೆ ಆರುವಾಗ ಸೀಳುತ್ತೆ ಕಣೆ.

ಬೇಕರಿಯ ಹಿಂದಿನ ಕೋಣೆಯಲ್ಲಿ ಹಿಟ್ಟು ಕಲಸುವ ಯಂತ್ರದ ತೋಳು, ಅದನ್ನು ತಿರುಗಿಸುವ ಕಂಬಿಯಿಂದ ಮುರಿದು ಬಿದ್ದಿತ್ತು. ಸಂಜೆಯೊಳಗೆ ಶಾಲೆಗೆ ಮುನ್ನೂರು ಬನ್ನು ಹೋಗಬೇಕು. ತಪ್ಪಿದರೆ ಆ ಗಿರಾಕಿ ಎದುರು ಬೇಕರಿಯ ಪಾಲು. ಬೇಕರಿಯಾಕೆಗೆ ತಲೆ ಬಿಸಿ, ವೆಲ್ಡರ್ ಗಂಡನಿಗೆ ಮಾತ್ರ ಧಾವಂತವೇ ಇಲ್ಲ. ಆಕೆಯ ಕಾಟ ತಾಳಲಾರದೆ ಮಾಮೂಲಿ ರಾಡಿನಲ್ಲೇ ಒಮ್ಮೆ ಬೆಸೆದು ತೋರಿಸಿದ. ಇಬ್ಬರೂ ಕಿವಿಗೊಟ್ಟು ಕುಳಿತರು. ಟಣ್ ಎಂದಿತು. ಬೆಸುಗೆಯ ಉದ್ದಕ್ಕೂ ಕೂದಲೆಳೆಯ ಬಿರುಕು.

— ಕೇಳಿಸ್ತಾ?

— ಕೇಳಿಸ್ತು. ಸರಿಯಾದ ರಾಡ್ ಹಾಕಿ ಮತ್ತೆ.

— ಹೋದ ತಿಂಗಳು ನಿನ್ ಕೈಗೇ ಕೊಟ್ಟಿದ್ನಲ್ಲ, ಭಾರೀ ಬೆಲೆಯದು, ಜೋಪಾನ ಅಂತ?

ಆಕೆ ಹೆಮ್ಮೆಯಿಂದ ಫ್ರಿಜ್ ತೆರೆದಳು. ಯೀಸ್ಟ್ ಡಬ್ಬಿಯ ಪಕ್ಕದಲ್ಲಿ, ಒದ್ದೆ ಬಟ್ಟೆ ಹೊದ್ದು, ರಾಡುಗಳು ತಣ್ಣಗೆ ಮಲಗಿದ್ದವು. ಆಕೆಯ ಲೋಕದಲ್ಲಿ ಬೆಲೆಬಾಳುವುದೆಲ್ಲ ತಂಪಿನಲ್ಲೇ ಇರತಕ್ಕದ್ದು. ವೆಲ್ಡರ್ ಗೋಡೆ ಹಿಡಿದುಕೊಂಡ.

— ಒಣಗಿಸಿಡೋ ವಸ್ತು ಮಾರಾಯ್ತಿ ಇದು. ತೇವ ಇದ್ರೆ ಬೆಸುಗೆ ತುಂಬ ತೂತು.

— ಬಾಡಿಹೋಗ್ಬಾರ್ದು ಅಂತ ಒದ್ದೆ ಬಟ್ಟೆ ಸುತ್ತಿದ್ದು.

— ಬಾಡೋಕೆ ಇದೇನು ಸೊಪ್ಪಾ?

— ಅವತ್ತೇ ಹೇಳೋಕೆ ಬಾಯಿಗೇನು ಬೆಸುಗೆ ಹಾಕ್ಕೊಂಡಿದ್ರಾ?

ವೆಲ್ಡರ್ ರಾಡುಗಳ ಒದ್ದೆ ಬಟ್ಟೆ ಬಿಚ್ಚಿದ.

— ಈಗ ಒಂದೇ ದಾರಿ. ನಿನ್ ಓವನ್.

ಅವನ ಅಂಗಡಿಯ ಒಂದು ಮೊಳೆಯೂ ಆ ಓವನ್ನಿನ ಹತ್ತಿರ ಸುಳಿಯಕೂಡದೆಂಬುದು ಮದುವೆಯಾದಂದಿನಿಂದ ಆಕೆಯ ಕಟ್ಟಪ್ಪಣೆ. ಮುನ್ನೂರು ಬನ್ನು ನೆನೆದು, ಹಲ್ಲು ಕಚ್ಚಿಕೊಂಡು, ಬಾಗಿಲು ತೆರೆದಳು. ರಾಡುಗಳು ಟ್ರೇಯಲ್ಲಿ ಸಾಲಾಗಿ ಒಳಗೆ ಹೋದವು. ಸ್ವಲ್ಪ ಹೊತ್ತಿಗೇ ಇಣುಕಲು ಹೋದವನ ಕೈಗೆ ಸೌಟಿನಿಂದ ಏಟು ಬಿತ್ತು.

— ಮಧ್ಯೆ ತೆಗೆದ್ರೆ ಉಬ್ಬಲ್ಲ.

— ಇದು ಉಬ್ಬೋ ವಸ್ತು ಅಲ್ಲ ಕಣೆ.

— ನನ್ ಓವನ್ನು, ನನ್ ಕಾನೂನು.

ಚೆನ್ನಾಗಿ ಒಣಗಿದ ರಾಡಿನಲ್ಲಿ, ಕಂಬಿಯನ್ನು ಹದವಾಗಿ ಬಿಸಿ ಮಾಡಿಕೊಂಡು, ಅವನು ಬೆಸೆದ. ಮತ್ತೆ ಇಬ್ಬರೂ ಉಸಿರು ಬಿಗಿಹಿಡಿದು ಕಿವಿಗೊಟ್ಟರು. ಆರಿತು, ಸದ್ದಿಲ್ಲ. ಯಂತ್ರ ಗುಂಯ್ಯೆಂದು ತಿರುಗಿತು. ಹಿಟ್ಟು ತೋಳಿಗೆ ಜೋತುಬಿದ್ದು ಕುಣಿಯಿತು. ನೋಡುತ್ತಿದ್ದ ಆಕೆಯೂ ಒಂದು ಸುತ್ತು ತಿರುಗಿಬಿಟ್ಟಳು.

ಸಂಜೆ, ಬನ್ನಿನ ಗಾಡಿ ಮೂಲೆ ತಿರುಗಿದ ಮೇಲೆ, ಅವನು ಉಳಿದ ರಾಡುಗಳನ್ನು ಎದೆಗವಚಿಕೊಂಡು ಮೆಲ್ಲಗೆ ಹೊರಟ.

— ಎಲ್ಲಿಗ್ರೀ ಅದನ್ನ ಹೊತ್ಕೊಂಡು? ಇಡಿ ವಾಪಸ್ ಓವನ್ ಒಳಗೆ. ಆ ನಿಮ್ಮ ಅಂಗಡಿ ಥಂಡಿಗೆ ತೇವ ಹಿಡಿದುಬಿಡುತ್ತೆ. ಜೋಪಾನ ಅನ್ನೋದೇ ಗೊತ್ತಿಲ್ಲ ನಿಮಗೆ.